ಎಚ್‌ಪಿ ನಿರ್ಣಯ: ನಾಲ್ಕು ತಾಲ್ಲೂಕಿನ ಗೃಹಸ್ಥರಿಗೆ

ಮನೆಗೆ ಎಷ್ಟು ಎಚ್‌ಪಿ ಮೋಟರು ಹಾಕಿಸಬೇಕು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು ಎಂಜಿನಿಯರಿಂಗ್ ಪುಸ್ತಕದಲ್ಲಿದೆ. ಅದನ್ನು ಓದಿ ಪಾಸಾದವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ, ಪಾಲಿಸಿದವರು ಕಣ್ಣಿಗೆ ಬಿದ್ದಿಲ್ಲ. ಇನ್ನೊಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಬಾಯಿಂದ ಬಾಯಿಗೆ ನಡೆದುಬಂದದ್ದು. ಅದನ್ನು ಎಲ್ಲರೂ ಪಾಲಿಸುತ್ತಾರೆ, ಬರೆದಿಟ್ಟವರಿಲ್ಲ. ಗೃಹಪ್ರವೇಶಕ್ಕೆ ವಾರವಿದೆ ಎನ್ನುವಾಗ ಹಾರ್ಡ್‌ವೇರ್ ಅಂಗಡಿ ಮುಂದೆ ತಲೆ ಕೆರೆದುಕೊಂಡು ನಿಲ್ಲುವ ಗೃಹಸ್ಥರ ಕಷ್ಟ ನೋಡಲಾರದೆ ಈ ಎರಡನೆಯದನ್ನು ಶಾಸ್ತ್ರೋಕ್ತವಾಗಿ ಮಂಡಿಸಲು ಹೊರಟಿದ್ದೇನೆ. ಹಿರಿಯರ ಕ್ರಮದಂತೆ ಮೊದಲು ಪೂರ್ವಪಕ್ಷ, ಆಮೇಲೆ ಖಂಡನೆ, ಅದರ ಹಿಂದೆ ಸಿದ್ಧಾಂತ.

ಪೂರ್ವಪಕ್ಷ ಹೀಗಿದೆ. ಪೇಟೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದು ಸರ್ಕಾರಿ ಮಾನದಂಡ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ ಸೇರಿ 675 ಲೀಟರ್. ನೆಂಟರು ಬಂದರೂ ಕಡಿಮೆ ಬೀಳಬಾರದೆಂದು 1000 ಲೀಟರಿನ ಸಿಂಟೆಕ್ಸ್ ಇಟ್ಟುಕೊಳ್ಳೋಣ. ಕೆಳಗೊಂದು ಮೇಲೆರಡು ಅಂತಸ್ತಿನ ಮನೆಯಲ್ಲಿ ಸಂಪಿನ ತಳದಿಂದ ಟ್ಯಾಂಕಿನ ಬಾಯಿಗೆ ಹೆಚ್ಚುಕಡಿಮೆ 50 ಅಡಿ, ಅಂದರೆ 15 ಮೀಟರ್. ನೀರು ಪೈಪಿಗೆ ಉಜ್ಜಿಕೊಂಡು, ಎಲ್ಬೋಗಳಲ್ಲಿ ತಿರುಗಿಕೊಂಡು ಹೋಗುವಾಗ ಆಗುವ ನಷ್ಟಕ್ಕೆ ಇನ್ನೊಂದು 5 ಮೀಟರ್ ಸೇರಿಸಿ, ಒಟ್ಟು 20. ಇದಕ್ಕೆ ಹೆಡ್ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಟ್ಯಾಂಕು ತುಂಬಿದರೆ ಸಾಕು. 1000 ಲೀಟರ್ ಎಂದರೆ 1000 ಕಿಲೋ ಭಾರ. ಅದನ್ನು 20 ಮೀಟರ್ ಮೇಲಕ್ಕೆತ್ತುವ ಕೆಲಸವನ್ನು ಅರ್ಧ ಗಂಟೆಗೆ ಹಂಚಿದರೆ ಬರುವುದು 109 ವ್ಯಾಟ್. ಹಿಂದೆ ಬಚ್ಚಲಮನೆಯಲ್ಲಿ ಉರಿಯುತ್ತಿದ್ದ 100 ವ್ಯಾಟಿನ ಗುಂಡು ಬಲ್ಬಿಗಿಂತ ಒಂದು ಗುಟುಕು ಜಾಸ್ತಿ.

ಸಣ್ಣ ಪಂಪುಗಳು ತಿಂದಷ್ಟು ದುಡಿಯುವುದಿಲ್ಲ, ನಿಜ. ಕೊಟ್ಟ ಕರೆಂಟಿನಲ್ಲಿ ಹತ್ತಕ್ಕೆ ಮೂರು ಪಾಲು ನೀರಿಗೆ ಮುಟ್ಟಿದರೆ ಪುಣ್ಯ ಎಂದುಕೊಂಡರೂ 363 ವ್ಯಾಟ್ ಆಗುತ್ತದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಆದ್ದರಿಂದ ಅರ್ಧ ಎಚ್‌ಪಿ ಸಾಕು, ದಿನದ ಖರ್ಚು ಒಂದು ಯೂನಿಟ್ಟಿನ ಐದನೇ ಒಂದು ಭಾಗಕ್ಕೂ ಕಡಿಮೆ, ಇಲ್ಲಿಗೆ ಮಾತು ಮುಗಿಯಿತು ಎಂದು ಪೂರ್ವಪಕ್ಷದವರು ಪುಸ್ತಕ ಮುಚ್ಚುತ್ತಾರೆ.

ಖಂಡನೆ ಒಂದೇ ವಾಕ್ಯದ್ದು: ಇಡೀ ಲೆಕ್ಕದಲ್ಲಿ ಎದುರು ಮನೆಯವರು ಎಲ್ಲಿದ್ದಾರೆ?

ಸಿದ್ಧಾಂತಕ್ಕೆ ಬರೋಣ. ಮಾದರಿಗೆಂದು ಚನ್ನಪಟ್ಟಣದ ಒಂದು ಅಂಗಡಿಯಲ್ಲಿ ಸೇರಿದ್ದ ನಿರ್ಣಯಸಭೆಯ ನಡಾವಳಿಯನ್ನು ಇಲ್ಲಿ ಕೊಡುತ್ತೇನೆ. ಹಾಜರಿದ್ದವರು ಮನೆ ಯಜಮಾನರು, ಅವರ ಭಾವಮೈದ, ಪ್ಲಂಬರು ಮತ್ತು ಅಂಗಡಿಯವರು. ಭಾವಮೈದ ಬಿಡದಿಯ ಯಾವುದೋ ಕಾರ್ಖಾನೆಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಕಾರ್ಖಾನೆಯ ಗೇಟಿನೊಳಗೆ ಹೋಗಿಬರುವವರಾದ್ದರಿಂದ ಮನೆಮಂದಿಯೆಲ್ಲ ಅವರನ್ನು ಎಂಜಿನಿಯರ್ ಕಡೆಯವರೆಂದೇ ಪರಿಗಣಿಸಿದ್ದಾರೆ. ಯಜಮಾನರ ಹೆಂಡತಿ ಹೊರಗೆ ಸ್ಕೂಟರಿನ ಮೇಲೆ ಕೂತಿದ್ದರು. ಮುಂದೆ ಹದಿನೈದು ವರ್ಷ ಆ ಮೋಟರಿನ ಸ್ವಿಚ್ಚು ಒತ್ತಬೇಕಾದವರು ಅವರೇ ಆದ್ದರಿಂದ ಸಭೆಗೆ ಅವರನ್ನು ಕರೆದಿರಲಿಲ್ಲ.

"ಎಷ್ಟ್ ಫ್ಲೋರ್ ಸಾ?" ಎಂದರು ಅಂಗಡಿಯವರು.

"ಸದ್ಯಕ್ಕೆ ಒಂದೇಯ. ಮ್ಯಾಲೆ ಇನ್ನೆಲ್ಡು ಎತ್ತೋ ಪ್ಲಾನ್ ಐತೆ."

"ಯಾವಾಗ್ ಎತ್ತೀರಿ?"

"ಮಗಳ ಮದ್ವೆ ಆಗ್ಲಿ, ಆಮ್ಯಾಕೆ."

ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಳೆಂದು ಮಾತಿನ ನಡುವೆ ತಿಳಿಯಿತು. ಇನ್ನೂ ಕಟ್ಟದ ಎರಡು ಅಂತಸ್ತಿಗೆ ಇವತ್ತೇ ನೀರು ಹತ್ತಿಸಬಲ್ಲ ಮೋಟರು ಬೇಕು ಎಂಬುದು ಹೀಗೆ ಇತ್ಯರ್ಥವಾಯಿತು. ನಂತರ ಯಜಮಾನರು ದನಿ ತಗ್ಗಿಸಿ ಮುಖ್ಯ ಪ್ರಶ್ನೆ ಕೇಳಿದರು.

"ನಮ್ ಎದ್ರು ಮನೆಯೋರು ನಿಮ್ತಾವೇ ಅಲ್ವಾ ತಕ್ಕೊಂಡಿದ್ದು? ಯಾವ್ದು?"

"ಒಂದ್ ಎಚ್‌ಪಿ ಸಾ."

ಭಾವಮೈದ ಗಂಟಲು ಸರಿಮಾಡಿಕೊಂಡರು. "ಭಾವ, ಒಂದೂವರೆ ಹಾಕ್ಸ್‌ಬುಡಿ. ಆಮ್ಯಾಲೆ ಪರದಾಡೋದ್ ಬ್ಯಾಡ."

ಪ್ಲಂಬರು ಅರ್ಧ ಎಚ್‌ಪಿಯ ಡಬ್ಬದ ಕಡೆ ಒಮ್ಮೆ ನೋಡಿ, "ಅದೆಲ್ಲ ಮೀನಿನ್ ಪೆಟ್ಗೆಗೆ ಸಾ" ಎಂದರು. ಅಂಗಡಿಯವರು ಒಂದೂವರೆಯದನ್ನು ಕೌಂಟರಿನ ಮೇಲೆ ದಡ್ಡೆಂದು ಇಳಿಸಿ, "ಎತ್ತಿ ನೋಡಿ" ಎಂದರು. ಯಜಮಾನರು ಎತ್ತಿದರು. ಎರಡು ಕೈಗೂ ಭಾರ ಬಿತ್ತು. ಮುಖದಲ್ಲಿ ತೃಪ್ತಿ ಮೂಡಿತು. "ಕಾಪರ್ ವೈಂಡಿಂಗ್ ತಾನೆ?" ಎಂದು ಕೊನೆಯ ತಾಂತ್ರಿಕ ತಪಾಸಣೆ ಮಾಡಿ ದುಡ್ಡು ಎಣಿಸಿದರು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಮೋಟರು ಬಂದು ಕೂತಾಗ ಹೆಂಡತಿ, "ಟ್ಯಾಂಕಿಗೆ ನೀರ್ ಹತ್ಸಕ್ಕೆ ಇಷ್ಟ್ ದೊಡ್ದ್ ಬೇಕಿತ್ತಾ?" ಎಂದು ಕೇಳಿದರು. ಪ್ರಶ್ನೆ ಸಭೆ ಮುಗಿದ ಮೇಲೆ ಬಂದದ್ದರಿಂದ ಅದನ್ನು ನಡಾವಳಿಗೆ ಸೇರಿಸಿಲ್ಲ.

ಈ ಇಡೀ ಹೊತ್ತು ಮೋಟರಿನ ಮೈಗೆ ಅಂಟಿಸಿದ್ದ ನೇಮ್‌ಪ್ಲೇಟಿನ ಮೇಲೆ ಎಚ್‌ಪಿಯ ಹೊರತು ಬೇರೆ ಅಂಕಿಗಳೂ ಇದ್ದವೆಂಬುದನ್ನು ದಾಖಲೆಗಾಗಿ ಹೇಳುತ್ತೇನೆ. ಇಷ್ಟು ಮೀಟರಿನಿಂದ ಇಷ್ಟು ಮೀಟರಿನವರೆಗೆ ಹೆಡ್, ನಿಮಿಷಕ್ಕೋ ಗಂಟೆಗೋ ಇಷ್ಟರಿಂದ ಇಷ್ಟು ಲೀಟರ್ ಡಿಸ್ಚಾರ್ಜ್ ಎಂದು ಅಲ್ಲಿ ಬರೆದಿರುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಎತ್ತರ ಹೆಚ್ಚಾದಂತೆ ನೀರು ಕಮ್ಮಿ, ಎತ್ತರ ಕಮ್ಮಿಯಾದಂತೆ ನೀರು ಹೆಚ್ಚು. ಇವೆರಡರ ನಡುವೆ ಒಂದು ಗೆರೆ, ಆ ಗೆರೆಯ ನಡುಭಾಗದಲ್ಲೆಲ್ಲೋ ಪಂಪಿಗೆ ಹಿತವಾದ ಒಂದು ಜಾಗ. ಪಂಪು ಆರಿಸುವುದೆಂದರೆ ನಮ್ಮ ಮನೆಯ ಎತ್ತರ ಆ ಹಿತವಾದ ಜಾಗದ ಆಸುಪಾಸು ಬೀಳುವಂತೆ ನೋಡಿಕೊಳ್ಳುವುದು ಎಂದು ಪೂರ್ವಪಕ್ಷದವರು ಹೇಳುತ್ತಾರೆ. ಅವರ ಪ್ರಕಾರ 30 ಮೀಟರ್ ಎತ್ತಬಲ್ಲ ಪಂಪನ್ನು ಒಂದೇ ಅಂತಸ್ತಿನ ಮನೆಗೆ ಹಾಕಿದರೆ ಅದು ಸುಖವಾಗಿ ಇರುವುದಿಲ್ಲ. ತಡೆಯಿಲ್ಲದೆ ನೀರು ನುಗ್ಗಿ, ಎಳೆಯಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಎಳೆದು, ಕಾಯಿಲು ಕಾದು, ಒಂದು ದಿನ ಸುಡುತ್ತದೆ. ಸಣ್ಣ ಕೆಲಸ ಕೊಟ್ಟರೆ ದೊಡ್ಡ ಮೋಟರಿಗೆ ಆರಾಮ ಎಂಬ ನಮ್ಮ ನಂಬಿಕೆಗೆ ಇದು ನೇರ ವಿರುದ್ಧ. ಆದ್ದರಿಂದ ಮೋಟರು ಸುಟ್ಟಾಗ ನಾಲ್ಕೂ ತಾಲ್ಲೂಕುಗಳಲ್ಲಿ ಕಾರಣ ಒಂದೇ: ವೋಲ್ಟೇಜ್ ಸರಿಯಿಲ್ಲ.

ಸುಟ್ಟ ಮೋಟರು ವೈಂಡಿಂಗ್ ಅಂಗಡಿಗೆ ಹೋಗುತ್ತದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ವಾರ್ನಿಷ್ ವಾಸನೆಯಿಂದ ಆ ಅಂಗಡಿ ಪತ್ತೆಯಾಗುತ್ತದೆ. ಕರಕಲಾದ ತಾಮ್ರವನ್ನು ಉಳಿಯಿಂದ ಕತ್ತರಿಸಿ ಎಳೆದು ತೂಕಕ್ಕೆ ಹಾಕುತ್ತಾರೆ, ಹೊಸ ತಂತಿಯನ್ನು ಕೈಮಗ್ಗದವರ ತಾಳ್ಮೆಯಿಂದ ಸುತ್ತು ಎಣಿಸಿ ಸುತ್ತುತ್ತಾರೆ, ಬಿದಿರಿನ ಸೀಳಿನಿಂದ ಮೋಟರಿನೊಳಗಿನ ಸಂದುಗಳಿಗೆ ತುರುಕುತ್ತಾರೆ. ಈ ಊರುಗಳಲ್ಲಿ ರೇಷ್ಮೆ, ಗೊಂಬೆಗಳಷ್ಟೇ ನಯವಾದ ಕೈಗೆಲಸ ಇದು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿತು, ವೈಂಡಿಂಗಿಗೆ ಸಿಗಲಿಲ್ಲ. ಎಲ್ಲರೂ ಅರ್ಧ ಎಚ್‌ಪಿ ಹಾಕಿಸಿಕೊಂಡು ಸುಮ್ಮನಾದರೆ ಈ ಕುಟುಂಬಗಳು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಪೂರ್ವಪಕ್ಷದಲ್ಲಿ ಉತ್ತರವಿಲ್ಲ.

ಮೋಟರಿನ ಮೇಲೆ ಕೈಬಿಚ್ಚಿ ಖರ್ಚು ಮಾಡಿದ್ದನ್ನು ಪೈಪಿನಲ್ಲಿ ಉಳಿಸಬೇಕು. ಒಂದಿಂಚಿನ ಪೈಪಿನ ಬದಲು ಮುಕ್ಕಾಲಿಂಚಿನದು ಹಾಕಿಸುವುದು ರೂಢಿ. ಅಷ್ಟೇ ನೀರು ಮುಕ್ಕಾಲಿಂಚಿನಲ್ಲಿ ಹೋಗುವಾಗ ಉಜ್ಜಾಟದ ನಷ್ಟ ಸುಮಾರು ನಾಲ್ಕು ಪಟ್ಟು ಆಗುತ್ತದೆ. ಅರ್ಧಕ್ಕಿಳಿಸಿದರೆ ಸುಮಾರು ಮೂವತ್ತು ಪಟ್ಟು. ಹೀಗೆ ಒಂದೂವರೆ ಎಚ್‌ಪಿಯ ಹೆಚ್ಚುವರಿ ಬಲವೆಲ್ಲ ಪೈಪಿನ ಒಳಮೈ ತಿಕ್ಕಿ ಬೆಳಗಲು ಬಳಕೆಯಾಗಿ, ಟ್ಯಾಂಕಿಗೆ ಕೊನೆಗೂ ಅರ್ಧ ಎಚ್‌ಪಿಯಷ್ಟೇ ನೀರು ತಲುಪುತ್ತದೆ. ಅಂದರೆ ನಮ್ಮ ಪದ್ಧತಿಯಲ್ಲೂ ಲೆಕ್ಕ ಸರಿಹೋಗುತ್ತದೆ, ದಾರಿ ಮಾತ್ರ ಬೇರೆ.

ಪೈಪಿನ ಉದ್ದವನ್ನು ನಿರ್ಧರಿಸುವುದು ವಾಸ್ತು. ಸಂಪು ಈಶಾನ್ಯದಲ್ಲಿರಬೇಕು, ಮೇಲಿನ ಟ್ಯಾಂಕು ನೈಋತ್ಯದಲ್ಲಿರಬೇಕು. ನಮ್ಮ ಕಡೆಯ ಸೈಟು 30ಕ್ಕೆ 40. ಈ ಎರಡು ಮೂಲೆಗಳ ನಡುವಿನ ಅಂತರ, ಪೈಥಾಗೊರಸ್ ಸಾಕ್ಷಿಯಾಗಿ, ಬರೋಬ್ಬರಿ 50 ಅಡಿ. ಆ ಸೈಟಿನಲ್ಲಿ ಯಾವುದೇ ಎರಡು ಬಿಂದುಗಳ ನಡುವೆ ಇದಕ್ಕಿಂತ ಹೆಚ್ಚಿನ ಅಂತರ ಸಾಧ್ಯವೇ ಇಲ್ಲ. ಪೈಪು ಹಾಲಿನ ಮೇಲೆ ಓರೆಯಾಗಿ ಹಾರುವಂತಿಲ್ಲ; ಗೋಡೆ ಹಿಡಿದೇ ಹೋಗಬೇಕಾದ್ದರಿಂದ 70 ಅಡಿ, ಪ್ರತಿ ಮೂಲೆಗೊಂದು ಎಲ್ಬೋ. ನೀರಿಗೆ ಇಷ್ಟು ಪ್ರದಕ್ಷಿಣೆ ಹಾಕಿಸುವ ಶಾಸ್ತ್ರವನ್ನು ಬರೆದವರಿಗೆ ಪಂಪು ಗೊತ್ತಿರಲಿಲ್ಲ, ನಿಜ. ಪಂಪು ಮಾರುವವರಿಗೆ ಆ ಶಾಸ್ತ್ರ ಚೆನ್ನಾಗಿ ಗೊತ್ತಿದೆ.

ರಾಮನಗರದಲ್ಲಿ ಈಶಾನ್ಯಕ್ಕೆ ಇನ್ನೊಂದು ತೊಡಕು. ಬ್ರಿಟಿಷರ ಕಾಲದಲ್ಲಿ ಈ ಊರಿಗೆ ಸರ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಊರು ಹೆಸರು ಬದಲಿಸಿಕೊಂಡರೂ ಕೆಳಗಿನ ಬಂಡೆ ಬದಲಿಸಿಕೊಂಡಿಲ್ಲ. ಭೂವಿಜ್ಞಾನಿಗಳು ಅದನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಸಂಪಿಗೆಂದು ಎರಡಡಿ ಅಗೆದಾಗ ಈ ಹಿರಿಯರು ಎದುರಾಗುತ್ತಾರೆ. ಪಕ್ಕದಲ್ಲೇ, ಆಗ್ನೇಯದಲ್ಲಿ, ಮೆತ್ತನೆ ಮಣ್ಣಿರುತ್ತದೆ. ಆದರೆ ಆಗ್ನೇಯ ಅಗ್ನಿಯದು. ಕಂಪ್ರೆಸರ್ ತರಿಸಿ, ದಿನಗಟ್ಟಲೆ ಬೀದಿಯ ಕಿವಿ ಕೆಡಿಸಿ, ಈಶಾನ್ಯದಲ್ಲೇ ಬಂಡೆ ಒಡೆಸುತ್ತಾರೆ.

ಇನ್ನು ಬಾವಿಯಿರುವವರ ವಿಚಾರ. ಪಂಪು ನೀರನ್ನು ಎಳೆಯುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಪೂರ್ವಪಕ್ಷದವರು ಇದನ್ನೂ ಒಪ್ಪುವುದಿಲ್ಲ. ಪಂಪು ಪೈಪಿನೊಳಗಿನ ಗಾಳಿಯನ್ನು ತೆಗೆದು ಜಾಗ ಮಾಡುತ್ತದೆ ಅಷ್ಟೆ. ನೀರನ್ನು ಮೇಲೆ ತಳ್ಳುವುದು ಬಾವಿಯ ಮೇಲೆ ಕೂತಿರುವ ವಾತಾವರಣ. ಸಮುದ್ರಮಟ್ಟದಲ್ಲಿ ಅದರ ತಾಕತ್ತು 10.3 ಮೀಟರ್. ರಾಮನಗರದಂತೆ ಸುಮಾರು 750 ಮೀಟರ್ ಎತ್ತರದ ಊರಲ್ಲಿ ಮೇಲಿರುವ ಗಾಳಿಯೇ ಕಮ್ಮಿಯಾದ್ದರಿಂದ 9.4ರ ಆಸುಪಾಸು. ನಷ್ಟಗಳನ್ನು ಕಳೆದು ಕೈಗೆ ಸಿಗುವುದು ಆರೇಳು ಮೀಟರ್, ಇಪ್ಪತ್ತು ಇಪ್ಪತ್ತೆರಡು ಅಡಿ. ಮಾಗಡಿ ಕಡೆ ಒಬ್ಬ ಗೌಡರು 40 ಅಡಿ ಆಳದಲ್ಲಿದ್ದ ನೀರಿಗೆ ಬಾವಿಕಟ್ಟೆಯ ಮೇಲೆ 2 ಎಚ್‌ಪಿ ಇಟ್ಟರು. ಬರಲಿಲ್ಲ. 3 ಇಟ್ಟರು. 5 ಇಟ್ಟರು. ಮೋಟರಿನೊಳಗೆ ಜಲ್ಲಿಕಲ್ಲು ಹಾಕಿ ಕುಲುಕಿದಂಥ ಸದ್ದು ಬಂತೇ ಹೊರತು ನೀರು ಬರಲಿಲ್ಲ. 500 ಎಚ್‌ಪಿ ಇಟ್ಟರೂ ಬರುವುದಿಲ್ಲ, ಯಾಕೆಂದರೆ ಸೋತದ್ದು ಮೋಟರಲ್ಲ, ಗಾಳಿ. ಪಂಪನ್ನೇ ನೀರಿನೊಳಗೆ ಇಳಿಸಿದರೆ ಮುಗಿಯಿತು ಎಂದು ಯಾರೋ ಹೇಳಿದರು. ಗೌಡರು ಕೇಳಿಸಿಕೊಂಡು, ಕಬ್ಬಾಳಮ್ಮನಿಗೆ ಹರಕೆ ಹೊತ್ತು, ಏಳೂವರೆ ಎಚ್‌ಪಿ ವಿಚಾರಿಸಲು ಹೋದರು.

ನಲ್ಲಿಗೇ ಮೋಟರು ಜೋಡಿಸುವ ಪದ್ಧತಿಯನ್ನು ಬಿಟ್ಟು ಯಾವ ಎಚ್‌ಪಿ ನಿರ್ಣಯವೂ ಪೂರ್ಣವಾಗದು. ಇದು ಕಾನೂನಿಗೆ ವಿರುದ್ಧ. ಬೀದಿಯಲ್ಲಿ ಒಬ್ಬರು ಹಾಕಿದರೆ ಕಳ್ಳತನ, ನಾಲ್ವರು ಹಾಕಿದರೆ ಅನಿವಾರ್ಯ, ಎಲ್ಲರೂ ಹಾಕಿದರೆ ವ್ಯವಸ್ಥೆ. ನೀರಗಂಟಿ ವಾಲು ತಿರುಗಿಸಿ ಹೋದ ಐದು ನಿಮಿಷಕ್ಕೆ ಬೀದಿಯುದ್ದಕ್ಕೂ ಗುಂಯ್ ಎನ್ನುತ್ತದೆ. ಮೊದಲ ಮನೆಯವರು ಅರ್ಧ ಎಚ್‌ಪಿ ಹಾಕಿದಾಗ ಅವರಿಗೆ ಚೆನ್ನಾಗಿಯೇ ಬಂತು. ಎರಡನೆಯವರು ಒಂದು ಹಾಕಿದರು. ಈಗ ಎಲ್ಲರದೂ ಒಂದೂವರೆ, ಎಲ್ಲರಿಗೂ ಮೋಟರೇ ಇಲ್ಲದಿದ್ದಾಗ ಬರುತ್ತಿದ್ದಷ್ಟೇ ನೀರು. ಪೈಪಿನೊಳಗೆ ಇರುವುದೇ ಅಷ್ಟು. ಆದರೆ ಪೂರ್ತಿ ಅಷ್ಟೇ ಎನ್ನಲಾಗದು. ಇಷ್ಟೂ ಮೋಟರುಗಳು ಒಟ್ಟಿಗೆ ಹೀರಿದಾಗ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಮ್ಮಿಯಾಗುತ್ತದೆ. ಆಗ ಬಿರುಕುಬಿಟ್ಟ ಕಡೆಯಲ್ಲೆಲ್ಲ ನೀರು ಹೊರಗೆ ಸೋರುವ ಬದಲು ಹೊರಗಿನದು ಒಳಗೆ ಬರುತ್ತದೆ, ಮೋರಿಯ ಪಕ್ಕದಲ್ಲಿ ಹಾದ ಪೈಪಾದರೆ ಮೋರಿಯದು. ಹೀಗೆ ನೀರಿನ ಪ್ರಮಾಣ ಕೊಂಚ ಹೆಚ್ಚುತ್ತದೆ, ಬಣ್ಣವೂ ಬರುತ್ತದೆ. ಮರುದಿನ ಎಲ್ಲರೂ ಸೇರಿ ನೀರಗಂಟಿಯನ್ನು ಬೈಯುತ್ತಾರೆ.

ಟ್ಯಾಂಕಿನ ಎತ್ತರದ ಬಗ್ಗೆ ಹೇಳುವಾಗ ನಮ್ಮ ಜಿಲ್ಲೆಯ ಜಗತ್ಪ್ರಸಿದ್ಧ ಟ್ಯಾಂಕನ್ನು ಮರೆಯಬಾರದು. ರಾಮದೇವರಬೆಟ್ಟದ ತಪ್ಪಲಿನಲ್ಲಿ ಸೆಟ್ಟು ಹಾಕಿ ತೆಗೆದ 'ಶೋಲೆ' 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ಅದರಲ್ಲಿ ವೀರು ಕುಡಿದು ಹತ್ತಿ ನಿಂತು ಇಡೀ ರಾಮಗಢವನ್ನು ಕೆಳಗೆ ಸೇರಿಸಿದ ಟ್ಯಾಂಕು ಎಲ್ಲರಿಗೂ ನೆನಪಿದೆ. ಆ ಊರಿಗೆ ಕರೆಂಟಿಲ್ಲ ಎಂಬುದೂ ನೆನಪಿರಬೇಕು. ಠಾಕೂರರ ಮನೆಯಲ್ಲಿ ವಿಧವೆ ಸೊಸೆ ರಾತ್ರಿ ಒಂದೊಂದೇ ದೀಪ ಸಣ್ಣಗೆ ಮಾಡುತ್ತ ಬರುವ ದೃಶ್ಯದ ಮೇಲೆ ಅರ್ಧ ಸಿನಿಮಾ ನಿಂತಿದೆ. ಕರೆಂಟಿಲ್ಲದ ಊರಲ್ಲಿ ಅಷ್ಟೆತ್ತರದ ಟ್ಯಾಂಕಿಗೆ ನೀರು ಹತ್ತಿಸಿದ ಮೋಟರು ಯಾವುದು, ಎಷ್ಟು ಎಚ್‌ಪಿ, ಎಂದು ಬಹಳ ಜನ ನಕ್ಕು ಕೇಳಿದ್ದಾರೆ. ವಿಷಯ ಬಲ್ಲವರು ನಗುವುದಿಲ್ಲ. ಮೊದಲು ಟ್ಯಾಂಕು ಕಟ್ಟಿ, ಜನ ಸೇರಿಸಿ ಕಾರ್ಯಕ್ರಮ ಮುಗಿಸಿ, ಪೈಪು, ಪಂಪು, ಕರೆಂಟು, ನೀರನ್ನು ಮುಂದಿನ ಹಂತಕ್ಕೆ ಬಿಡುವುದು ಸರ್ಕಾರಿ ಕಾಮಗಾರಿಯ ಸರಿಯಾದ ಕ್ರಮ. ರಾಮಗಢದಲ್ಲೂ ಅದೇ ಆಗಿದೆ. ಆ ಟ್ಯಾಂಕಿನಿಂದ ಒಂದು ಚೊಂಬು ನೀರು ಇಳಿದದ್ದನ್ನು ಯಾರೂ ಕಂಡಿಲ್ಲ. ಹುಡುಗಿಯ ಮೌಸಿಯಿಂದ ವೀರುವಿನ ಮದುವೆಗೆ ಒಪ್ಪಿಗೆ ಇಳಿಯಿತು. ಅಷ್ಟು ಫಲಾನುಭವಿಗಳೂ ಇಲ್ಲದ ಟ್ಯಾಂಕುಗಳನ್ನು ನಾನು ತೋರಿಸಬಲ್ಲೆ.

ಕೆರೆಗೆ ನೀರೆತ್ತುವ ಮೋಟರುಗಳ ನಿರ್ಣಯ ಇನ್ನೂ ಸೂಕ್ಷ್ಮ. ಚನ್ನಪಟ್ಟಣದಲ್ಲಿ ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ಕೆರೆಗಳಿಗೆ ತುಂಬಿಸುತ್ತಾರೆ. ಅಲ್ಲಿ ಎಷ್ಟು ಎಚ್‌ಪಿ ಎಂದು ಯಾರೂ ಕೇಳುವುದಿಲ್ಲ. ಯಾರ ಎಚ್‌ಪಿ ಎಂದು ಚುನಾವಣೆ ಬಂದಾಗಲೆಲ್ಲ ಕೇಳುತ್ತಾರೆ.

ಒಂದೇ ಕಟ್ಟಡಕ್ಕೆಂದು ಹಾಕಿದ ಅತಿ ದೊಡ್ಡ ಮೋಟರು ನೋಡುವ ಆಸೆಯಿದ್ದವರು ಹಾರೋಹಳ್ಳಿಗೆ ಹೋಗಬೇಕು. ಆ ಕಟ್ಟಡದ ಹೆಸರು ಬೆಂಗಳೂರು. ಅದರ ಸಂಪು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿದೆ, ಟ್ಯಾಂಕು ಸುಮಾರು 100 ಕಿಲೋಮೀಟರ್ ಆಚೆ, ಸುಮಾರು 500 ಮೀಟರ್ ಮೇಲೆ. ಒಂದೇ ಉಸಿರಿಗೆ ಹತ್ತಲಾಗದ್ದರಿಂದ ಕಾವೇರಿ ತೊರೆಕಾಡನಹಳ್ಳಿಯಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಒಮ್ಮೆ ಮೋಟರು ಹತ್ತಿ ಇಳಿದು ಹೋಗುತ್ತಾಳೆ. ಈ ಕಾವೇರಿ ಯೋಜನೆಯ ಮೊದಲ ಹಂತ 1974ರದ್ದು. ನಾಲ್ಕು ಹಂತ ಸೇರಿ ದಿನಕ್ಕೆ 145 ಕೋಟಿ ಲೀಟರ್ ಆಗಿ, ಸಾಲದೆ ಬಂದು, 2024ರ ಅಕ್ಟೋಬರ್ 16ರಂದು ಐದನೆಯ ಹಂತ ಉದ್ಘಾಟನೆಯಾಯಿತು. ಅದು ಇನ್ನೊಂದು 77.5 ಕೋಟಿ ಲೀಟರ್. ಒಂದು ಪೈಸೆಯ ನಷ್ಟವಿಲ್ಲದ ಪಂಪು ಎಂದಿಟ್ಟುಕೊಂಡರೂ 1000 ಲೀಟರನ್ನು 500 ಮೀಟರ್ ಎತ್ತಲು 1.36 ಯೂನಿಟ್ ಬೇಕೇ ಬೇಕು. ಬೆಂಗಳೂರಿನ ಗೃಹಸ್ಥರು ಅದೇ ನೀರನ್ನು ಸಂಪಿನಿಂದ ಮಹಡಿಗೆ ಹತ್ತಿಸಿ, ಕರೆಂಟು ಬಿಲ್ಲು ಜಾಸ್ತಿ ಬಂತೆಂದು ಬಾಡಿಗೆಯವರ ಜೊತೆ ಜಗಳವಾಡುತ್ತಾರೆ.

ವಾಸ್ತು ಬಲ್ಲವರು ಇಲ್ಲಿ ಒಂದು ಗಂಡಾಂತರವನ್ನು ಗಮನಿಸಿರಬೇಕು. ಬೆಂಗಳೂರಿನಿಂದ ನೋಡಿದರೆ ತೊರೆಕಾಡನಹಳ್ಳಿ ನೈಋತ್ಯಕ್ಕಿದೆ. ಸಂಪು ನೈಋತ್ಯದಲ್ಲಿ, ಟ್ಯಾಂಕು ಈಶಾನ್ಯದಲ್ಲಿ: ಸಂಪೂರ್ಣ ಉಲ್ಟಾ. ಆ ನಗರದ ಟ್ರಾಫಿಕ್ಕಿಗೆ ಸುರಂಗವೇ, ಮೇಲ್ಸೇತುವೆಯೇ ಎಂದು ತಲೆ ಕೆಡಿಸಿಕೊಂಡಿರುವವರು ಇದನ್ನೊಮ್ಮೆ ಪರಿಶೀಲಿಸಬಹುದು.

ಹಿಂದೆ ಹೀಗಿರಲಿಲ್ಲ. ಮಾಗಡಿಯ ಕೆಂಪೇಗೌಡರ ವಂಶದವರು ಬೆಂಗಳೂರಿಗೆ ನೀರಿನ ಏರ್ಪಾಡು ಮಾಡಿದ್ದು ಕೆರೆಗಳಿಂದ. ಮಳೆ ಬೀಳುತ್ತಿತ್ತು, ನೀರು ಇಳಿಜಾರಿನಲ್ಲಿ ತಾನೇ ಬಂದು ನಿಲ್ಲುತ್ತಿತ್ತು, ಸೊನ್ನೆ ಎಚ್‌ಪಿ. ಎಚ್‌ಪಿಯಿಲ್ಲದ್ದಕ್ಕೆ ಮರ್ಯಾದೆಯಿಲ್ಲ. ಧರ್ಮಾಂಬುಧಿ ಕೆರೆಯನ್ನು ಬತ್ತಿಸಿ ಬಸ್ ನಿಲ್ದಾಣ ಮಾಡಿದರು, ಕೆಂಪೇಗೌಡರಿಗೆ ಬೇಜಾರಾಗದಿರಲೆಂದು ಅವರ ಹೆಸರನ್ನೇ ಇಟ್ಟರು. ಆಮೇಲೆ ಅದೇ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಅಣೆಕಟ್ಟು ಕಟ್ಟಿ 1933ರಿಂದ ಬೆಂಗಳೂರಿಗೆ ಪಂಪು ಮಾಡಿದರು. ಅದು ಸಾಲದಾದಾಗ ಕನಕಪುರದ ಹಾದಿ ಹಿಡಿದರು. ಆಳೆತ್ತರದ ಪೈಪುಗಳು ನಮ್ಮ ಹೊಲಗಳ ಪಕ್ಕದಲ್ಲಿ ಹಾದುಹೋಗುವಾಗ ಕಿವಿಯಿಟ್ಟರೆ ನೀರು ಹೋಗುವುದು ಕೇಳಿಸುತ್ತದೆ. ಟ್ಯಾಂಕರಿಗೆ ಕಾಯುವಾಗ ಹೊತ್ತು ಹೋಗಲು ಅನುಕೂಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ ನಮ್ಮ ತಾಲ್ಲೂಕುಗಳಿಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಸೈಟಿನ ರೇಟು ಏರಿಸಲು ಪಂಪು ಬೇಕಾಗುವುದಿಲ್ಲ.

ಈಗಿನ ಹೊಸ ಮನೆಗಳಲ್ಲಿ ಇನ್ನೊಂದು ಸುಧಾರಣೆ ಕಾಣುತ್ತಿದೆ. ಮೂರನೆಯ ಅಂತಸ್ತಿನ ಬಚ್ಚಲಿನ ಷವರಿಗೂ ಅದರ ಮೇಲಿನ ಟ್ಯಾಂಕಿಗೂ ಎಂಟಡಿ ಅಂತರವಿದ್ದರೆ ನೀರು ಬೀಳುವ ಒತ್ತಡ ಎಂಟಡಿಯದೇ. ದೊಡ್ಡ ಹೋಟೆಲಿನಲ್ಲಿ ಒಮ್ಮೆ ಸ್ನಾನ ಮಾಡಿ ಬಂದ ಮಗನಿಗೆ ಅದು ಹಿಡಿಸುವುದಿಲ್ಲ. ಆದ್ದರಿಂದ ಮೇಲಕ್ಕೆತ್ತಿದ ನೀರನ್ನು ಕೆಳಕ್ಕೆ ತಳ್ಳಲು ತಾರಸಿಯ ಮೇಲೆ ಇನ್ನೊಂದು ಮೋಟರು ಇಡುತ್ತಾರೆ. ಇಷ್ಟು ದಿನ ಭೂಮಿ ಪುಕ್ಕಟೆ ಮಾಡಿಕೊಂಡು ಬಂದ ಕೆಲಸ ಇದೊಂದೇ ಉಳಿದಿತ್ತು.

ಬಳಕೆಯ ವಿಧಿ. ಸ್ವಿಚ್ಚು ಹಾಕಿದಾಗ ಮೋಟರು ಓಡಿ ನೀರು ಬಾರದಿದ್ದರೆ ಗಾಳಿ ಹಿಡಿದಿದೆ ಎಂದು ತಿಳಿಯಬೇಕು. ಫುಟ್‌ವಾಲಿನಲ್ಲಿ ಒಂದು ಎಲೆ ಚೂರು ಸಿಕ್ಕಿದ್ದರೂ ಸಾಕು, ರಾತ್ರಿಯೆಲ್ಲ ಪೈಪಿನ ನೀರು ಸಂಪಿಗೆ ವಾಪಸ್ ಇಳಿದಿರುತ್ತದೆ. ಮೋಟರಿನ ತಲೆಯ ಮೇಲಿನ ಬಿರಡೆಯನ್ನು ಸ್ಪ್ಯಾನರಿನಿಂದ ಬಿಚ್ಚಿ, ಚೊಂಬಿನಿಂದ ನೀರು ಹುಯ್ಯಬೇಕು. ಮೊದಲ ಚೊಂಬು ಗಳಗಳ ಎಂದು ಇಳಿಯುತ್ತದೆ, ಎರಡನೆಯದು ನಿಧಾನಿಸುತ್ತದೆ, ಮೂರನೆಯದಕ್ಕೆ ಗುಳ್ಳೆಗಳು ಬಂದು ನೀರು ಬಾಯಿಮಟ್ಟ ನಿಲ್ಲುತ್ತದೆ. ನಿಲ್ಲದೆ ಇಳಿಯುತ್ತಲೇ ಇದ್ದರೆ ಫುಟ್‌ವಾಲು ಹೋಗಿದೆ. ಮೋಟರು ಓಡದೆ ಬರೀ ಗುಂಯ್ ಎಂದರೆ ಹಿಂದಿನ ಫ್ಯಾನಿನ ಕವರಿನ ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಒಂದು ಸುತ್ತು ತಿರುಗಿಸಬೇಕು, ಸ್ವಿಚ್ಚು ಆರಿಸಿದ ಮೇಲೆ. ಆಗಲೂ ಹಂದಾಡದಿದ್ದರೆ ಕಂಡೆನ್ಸರ್. ಇವೆಲ್ಲವನ್ನೂ ಸ್ಕೂಟರಿನ ಮೇಲೆ ಕೂತಿದ್ದ ಹೆಂಗಸು ಎರಡನೆಯ ವರ್ಷದಲ್ಲೇ ಕಲಿತಿರುತ್ತಾರೆ. ಯಜಮಾನರು ಪ್ಲಂಬರಿಗೆ ಫೋನು ಮಾಡುತ್ತಿರುತ್ತಾರೆ.

ಟ್ಯಾಂಕು ತುಂಬಿತೆಂದು ತಿಳಿಯಲು ಪೇಟೆಯಲ್ಲಿ ಏನೇನೋ ಯಂತ್ರ ಸಿಗುತ್ತವೆ. ಅವುಗಳಿಗೆ ಪಕ್ಕದ ಮನೆಯವರ ಕಿವಿಯಷ್ಟು ಬಾಳಿಕೆಯಿಲ್ಲ. ಓವರ್‌ಫ್ಲೋ ಪೈಪಿನ ಬಾಯಿಯನ್ನು ಅವರ ಶೀಟಿನ ಮೇಲೆ ಬೀಳುವಂತೆ ತಿರುಗಿಸಿದರೆ ಸಾಕು, ಅರೆನಿಮಿಷದಲ್ಲಿ "ರೀ, ಮೋಟ್ರು!" ಎಂಬ ಸಂಕೇತ ಬರುತ್ತದೆ. ಮಾತು ಬಿಟ್ಟವರ ಕಡೆಗೆ ಮಾತ್ರ ತಿರುಗಿಸಬಾರದು. ಅವರು ತುಂಬಿ ಹರಿಯುವುದನ್ನು ಕೇಳಿಯೂ ಟಿವಿ ಸೌಂಡು ಜಾಸ್ತಿ ಮಾಡುತ್ತಾರೆ. ಪೂರ್ವಪಕ್ಷದ ಆ ಬಡಪಾಯಿ ಅರ್ಧ ಎಚ್‌ಪಿಯೇ ಹತ್ತು ನಿಮಿಷಕ್ಕೆ 330 ಲೀಟರ್ ಚೆಲ್ಲುತ್ತದೆ, ಇಬ್ಬರೂವರೆ ಜನರ ಒಂದು ದಿನದ ಪಾಲು. ಒಂದೂವರೆಯದರ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಲಿ.

ಆಯುಧಪೂಜೆಯ ದಿನ ಮೋಟರಿನ ಮೇಲಿನ ಗೋಣಿಚೀಲ ತೆಗೆದು, ಜೇಡರಬಲೆ ಒರೆಸಿ, ವಿಭೂತಿ ಬಳಿದು, ಸೇವಂತಿಗೆ ಸಿಕ್ಕಿಸುವುದು ಎಲ್ಲರಿಗೂ ಗೊತ್ತಿರುವುದೇ. ಕುಂಕುಮ ಎಲ್ಲಿಡಬೇಕೆಂಬ ಬಗ್ಗೆ ಮಾತ್ರ ಗೊಂದಲವಿದೆ. ನೇಮ್‌ಪ್ಲೇಟಿನ ಮೇಲೆ, ಹೆಡ್ ಮತ್ತು ಡಿಸ್ಚಾರ್ಜ್ ಎಂದು ಬರೆದಿರುವ ಸಾಲುಗಳು ಪೂರ್ತಿ ಮುಚ್ಚುವಂತೆ, ದಪ್ಪಗೆ ಇಡಬೇಕು. ಎಚ್‌ಪಿ ಎಂದಿರುವ ಕಡೆ ಒದ್ದೆ ಬಟ್ಟೆಯಿಂದ ಒರೆಸಿ ಬಿಡಿ. ಎದುರು ಮನೆಯವರು ಮಂಗಳಾರತಿಗೆ ಬರುತ್ತಾರೆ.